ಹಳದಿ ಬಾಗಿಲಿನ ಕೊನೆಯ ಕಂತು

“ಇನ್ನೂ ಜೋರಾಗಿ ಓದೇ! ಹಿಂದೆ ಇರೋರಿಗೆ ಕೇಳಿಸ್ತಿಲ್ಲ.”

ಮೆಣಸು ತನ್ನ ಗೆಳತಿಯ ಬೆನ್ನಿಗೆ ಮೆಲ್ಲಗೆ ತಿವಿದಳು. ಗೋಡೆ ಪತ್ರಿಕೆಯ ಮುಂದೆ ಐದನೇ ಕ್ಲಾಸಿನ ಅರ್ಧ ಮಂದಿ ಮುತ್ತಿಕೊಂಡಿದ್ದರು.

ಮೆಣಸು ಎಂಬುದು ಅವಳ ನಿಜವಾದ ಹೆಸರಲ್ಲ. ಆ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಆಳು ಚಿಕ್ಕದು, ನಾಲಗೆ ಖಾರ, ಹಾಗಾಗಿ ಮೆಣಸು. ಅವಳ ಬೆಂಚಿನಲ್ಲೇ ಕೂರುವ, ದಪ್ಪ ಕನ್ನಡಕದ ಗೆಳತಿ ಸೋಡಾಬುಡ್ಡಿ. ಅವಸರದಲ್ಲಿ ಬರೀ ಸೋಡಾ. ಸೋಡಾಳ ದನಿ ಗಂಟೆ ಹೊಡೆದ ಹಾಗೆ ಸ್ಪಷ್ಟ. ಅದಕ್ಕೇ ಮೆಣಸು ತಾನು ಬರೆದದ್ದನ್ನು ಅವಳ ಕೈಯಲ್ಲಿ ಓದಿಸುತ್ತಿದ್ದಳು.

ಸೋಡಾ ಓದಿದಳು: “‘ಹಳದಿ ಬಾಗಿಲು’ ಧಾರಾವಾಹಿಗೆ ಪ್ರಶಸ್ತಿಯ ಮೇಲೆ ಪ್ರಶಸ್ತಿ. ಕೊನೆ ಮಾತ್ರ ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಆ ಇಲಿಯೂ ಸತ್ತಿತ್ತು!”

ಮಕ್ಕಳು ಘೊಳ್ಳೆಂದು ನಕ್ಕರು.

“ದೊಡ್ಡಕ್ಕನಿಗೆ ಬೆನ್ನುಮೂಳೆಯೇ ಇಲ್ಲ. ಅಪ್ಪನ ಗಡಿಯಾರ ಒಡೆದವಳು ಅವಳು. ಬೈಗುಳ ತಿಂದು ಮನೆ ಬಿಟ್ಟವನು ತಮ್ಮ. ನಲವತ್ತು ವಾರ ಕಾದರೂ ಅವಳು ನಿಜ ಹೇಳಲಿಲ್ಲ. ಇದನ್ನು ಬರೆದವರು…”

ಸೋಡಾ ನಿಲ್ಲಿಸಿದಳು. “ಗಂಟಲು ಕಟ್ಟಿದೆ. ನೀನೇ ಓದ್ಕೋ.”

“ಒಳ್ಳೇ ಜಾಗದಲ್ಲೇ ನಿಲ್ಸಿದ್ಯಲ್ಲೇ!” ಎಂದು ಮೆಣಸು ತಾನೇ ಮುಂದೆ ನುಗ್ಗಿದಳು. “ಇದನ್ನು ಬರೆದವರು ಕೊನೆಯ ಕಂತಿನ ದಿನ ಗೊರಕೆ ಹೊಡೆಯುತ್ತಿದ್ದಿರಬೇಕು!”

ಆಮೇಲೆ ಗೊರಕೆ ಹೊಡೆದೂ ತೋರಿಸಿದಳು. ಕಾರಿಡಾರಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಮೆಣಸಿನ ಕಾಲು ನೆಲದ ಮೇಲೆ ಇರಲಿಲ್ಲ. ಸೋಡಾ ಯಾವಾಗ ಗುಂಪಿನಿಂದ ಜಾರಿಕೊಂಡಳು ಎಂಬುದನ್ನು ಅವಳು ನೋಡಲೂ ಇಲ್ಲ.

ಮೂರು ದಿನ ಶಾಲೆಯಲ್ಲಿ ಅದೇ ಮಾತು. ಯಾರಾದರೂ ಉತ್ತರ ಹೇಳದೆ ನಿಂತರೆ ಸಾಕು, “ಲೋ, ದೊಡ್ಡಕ್ಕ!” ಎಂದು ಕೂಗುತ್ತಿದ್ದರು.

ಶನಿವಾರ ಬೆಳಗ್ಗೆ ಅಪ್ಪ ಅಮ್ಮಂದಿರು ಶಾಲೆಗೆ ಬರುವ ದಿನ. ಒಬ್ಬ ಹೆಂಗಸು ಬಟ್ಟೆ ಚೀಲ ಹೆಗಲಿಗೆ ಹಾಕಿಕೊಂಡು ಗೋಡೆ ಪತ್ರಿಕೆಯ ಮುಂದೆ ನಿಂತಿದ್ದರು. ಬೆರಳಿನ ತುದಿಯಲ್ಲಿ ಇಂಕಿನ ಕಲೆ. ಮೆಣಸಿನ ಬರಹವನ್ನು ಮೊದಲಿಂದ ಕೊನೆಯವರೆಗೆ ಓದಿ, ಮತ್ತೆ ಮೊದಲಿಗೆ ಹೋದರು.

ಕ್ಲಾಸಿನ ಮಿಸ್ ಮೆಣಸಿನ ಭುಜ ಹಿಡಿದು ಕರೆತಂದರು. “ಇವಳೇ ನೋಡಿ ಬರ್ದಿದ್ದು. ಅರಳು ಹುರಿದ ಹಾಗೆ ಮಾತಾಡ್ತಾಳೆ.”

“ಚೆನ್ನಾಗಿ ಬರ್ದಿದ್ದೀಯಮ್ಮ,” ಎಂದರು ಆ ಹೆಂಗಸು. “ಒಂದು ಕೇಳ್ಲಾ? ಕೊನೇ ಕಂತಲ್ಲಿ ಯಾವ ಸೀನ್ ನೋಡ್ವಾಗ ನಿಂಗೆ ‘ಥೂ, ಇಷ್ಟೇನಾ’ ಅನ್ನಿಸ್ತು?”

ಮೆಣಸಿನ ಎದೆ ಧಸಕ್ಕೆಂದಿತು. ಯಾಕೆಂದರೆ ಕೊನೆಯ ಕಂತನ್ನು ಅವಳು ನೋಡಿಯೇ ಇರಲಿಲ್ಲ. ಅದು ಶುರುವಾಗುವುದು ಒಂಬತ್ತಕ್ಕೆ. ಎಂಟೂವರೆಗೇ ಅವಳ ಕಣ್ಣು ಮುಚ್ಚಿ ಹೋಗುತ್ತಿತ್ತು. ಬರೆದದ್ದೆಲ್ಲ ಮಿಕ್ಸಿ ರಿಪೇರಿ ಮಾಡುವ ಮಾವನ ಬಾಯಿಂದ ಕೇಳಿದ್ದು. ಬೆಟ್ಟ ಮಾವನದು, ಇಲಿ ಮಾವನದು, ಬೆನ್ನುಮೂಳೆಯೂ ಮಾವನದೇ. ಗೊರಕೆ ಮಾತ್ರ ಅವಳ ಸ್ವಂತದ್ದು.

ಆದರೆ ನಾಲಗೆಗೆ ಎಲುಬಿಲ್ಲವಲ್ಲ! ಅದು ತಾನಾಗಿಯೇ ಹೊರಟಿತು.

“ಬಸ್ ಸ್ಟ್ಯಾಂಡ್ ಸೀನ್ ಆಂಟಿ! ದೊಡ್ಡಕ್ಕ ಬಸ್ ಸ್ಟ್ಯಾಂಡಲ್ಲಿ ಕೂತ್ಕೊಂಡು ಅಳ್ತಾಳಲ್ಲ… ನಂಗಂತೂ ಆಕಳಿಕೆನೇ ಬಂದ್ಬಿಡ್ತು.”

“ಬಸ್ ಸ್ಟ್ಯಾಂಡಲ್ಲಾ?”

“ಹೂಂ ಆಂಟಿ. ಮಳೆ ಬೇರೆ ಬರ್ತಿರುತ್ತೆ.”

ಆ ಹೆಂಗಸು ಅವಳ ಮುಖವನ್ನೇ ನೋಡಿದರು. ಅಷ್ಟರಲ್ಲಿ ಸೋಡಾ ಬಂದು ಅವರ ಸೆರಗು ಹಿಡಿದಳು. “ಅಮ್ಮಾ, ಹೋಗೋಣ ಬಾ.”

ಅಮ್ಮಾ?

ಮಿಸ್ ನಕ್ಕರು. “ಯಾರ ಹತ್ರ ಮಾತಾಡಿದೆ ಗೊತ್ತಾಯ್ತಾ? ‘ಹಳದಿ ಬಾಗಿಲು’ ಬರೆದೋರು ಇವ್ರೇ! ನಂಗೂ ಈಗಷ್ಟೇ ಗೊತ್ತಾಯ್ತು. ನಿನ್ನ ಗೆಳತಿ ಒಂದು ದಿನಾನೂ ಬಾಯಿಬಿಟ್ಟಿಲ್ಲ ನೋಡು.”

ಮೆಣಸಿನ ಕಿವಿ ಸುಟ್ಟ ಹಾಗಾಯಿತು. ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. ನೆಲ ನುಂಗಲಿಲ್ಲ. ಈಗ ಅವರು ಮಿಸ್‌ಗೆ ಹೇಳುತ್ತಾರೆ, ಬಸ್ ಸ್ಟ್ಯಾಂಡೂ ಇಲ್ಲ ಮಳೆಯೂ ಇಲ್ಲ, ಈ ಹುಡುಗಿ ನೋಡಿಯೇ ಇಲ್ಲ ಎಂದು ಹೇಳಿಯೇಬಿಡುತ್ತಾರೆ ಎಂದು ಕಾದಳು.

ಅವರು ಹೇಳಲಿಲ್ಲ. “ಮಾತು ಚುರುಕಾಗಿದೆ. ಬರೀತಾ ಇರು,” ಎಂದಷ್ಟೇ ಅಂದು ಮಗಳ ಕೈ ಹಿಡಿದು ಹೊರಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸೋಡಾ ಒಮ್ಮೆಯೂ ತಿರುಗಿ ನೋಡಲಿಲ್ಲ.

ಮಧ್ಯಾಹ್ನ ಮಾವನ ಅಂಗಡಿಯಲ್ಲಿ ಮೆಣಸು ಒಂದು ಮೂಲೆ ಹಿಡಿದು ಕೂತಳು. ಅಮ್ಮ ಕೆಲಸ ಮುಗಿಸಿ ಬರುವವರೆಗೆ ಅವಳು ಇರುವುದು ಅಲ್ಲೇ. ಸುತ್ತ ಮುಚ್ಚಳವಿಲ್ಲದ ಮಿಕ್ಸಿಗಳು, ಬ್ಲೇಡುಗಳು, ಸುಟ್ಟ ವೈರಿನ ವಾಸನೆ.

“ಏನಮ್ಮ, ಇವತ್ತು ಮೆಣಸಲ್ಲಿ ಖಾರನೇ ಇಲ್ಲ?” ಎಂದ ಮಾವ, ಸ್ಕ್ರೂ ಡ್ರೈವರನ್ನು ಕಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತಾ.

“ಮಾವ, ‘ಹಳದಿ ಬಾಗಿಲು’ ಕೊನೇಲಿ ಏನಾಗುತ್ತೆ? ಸರಿಯಾಗಿ ಹೇಳು.”

“ಅದೇ, ದೊಡ್ಡಕ್ಕ ಏನೂ ಹೇಳಲ್ಲ. ಅಷ್ಟೇ.”

“ಎಲ್ಲಿ ನಿಂತಿರ್ತಾಳೆ? ತಮ್ಮ ಎಲ್ಲಿರ್ತಾನೆ?”

ಮಾವ ತಲೆ ಕೆರೆದುಕೊಂಡ. “ನಾನೆಲ್ಲಿ ನೋಡ್ದೆ ಕಣೇ? ಅಂಗಡಿ ಬಾಗಿಲು ಹಾಕೋದೇ ಒಂಬತ್ತೂವರೆಗೆ. ಮಿಕ್ಸಿ ತರೋರು ಆ ಕೊನೇನ ಬೈತಿದ್ರು, ನಾನೂ ಒಂದೆರಡು ಸೇರ್ಸಿ ಬೈದೆ. ಇಲಿ ಸತ್ತಿತ್ತು ಅಂದಿದ್ದು ಮಾತ್ರ ನಾನೇ!”

ಅಂತೆ ಕಂತೆ ಕಟ್ಟಿಕೊಂಡು ಮಾವ ಮಾತಾಡಿದ್ದ. ಅವನ ಮಾತು ಕಟ್ಟಿಕೊಂಡು ಅವಳು ಬರೆದಿದ್ದಳು. ಅದನ್ನು ಸೋಡಾಳ ಬಾಯಲ್ಲೇ, ಎಲ್ಲರ ಮುಂದೆ, ಜೋರಾಗಿ ಓದಿಸಿದ್ದಳು. 

“ನಿನ್ನ ಫೋನ್ ಕೊಡು,” ಎಂದಳು.

ಮಾವ ಹುಡುಕಿ ಕೊಟ್ಟ ಕೊನೆಯ ಕಂತನ್ನು ಮಿಕ್ಸಿಗಳ ನಡುವೆ ಕೂತು ನೋಡಿದಳು. ಬಸ್ ಸ್ಟ್ಯಾಂಡ್ ಇರಲಿಲ್ಲ. ಮಳೆಯ ಒಂದು ಹನಿಯೂ ಇರಲಿಲ್ಲ.

ಮನೆ ಬಿಟ್ಟು ಹೋಗಿದ್ದ ತಮ್ಮ ವಾಪಸ್ ಬಂದು ಹಳದಿ ಬಾಗಿಲಿನಲ್ಲಿ ನಿಂತಿದ್ದ. ದೊಡ್ಡಕ್ಕ ಅವನ ಎದುರು ಬಂದಳು. ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. ಆಮೇಲೆ “ಟೀ ಮಾಡ್ತೀನಿ ಇರು” ಎಂದು ಒಳಗೆ ಹೋದಳು. ಒಲೆಯ ಮುಂದೆ ನಿಂತ ಅವಳ ಬೆನ್ನು ಕಾಣಿಸಿತು. ಅಷ್ಟೇ, ಮುಗಿಯಿತು.

“ನೋಡ್ದಾ? ಸಪ್ಪೆ ಅಲ್ವಾ?” ಎಂದ ಮಾವ.

ಮೆಣಸು ಇನ್ನೊಮ್ಮೆ ಹಾಕಿ ನೋಡಿದಳು.

ಸೋಮವಾರ ಸೋಡಾ ಕಿಟಕಿ ಪಕ್ಕದ ಬೇರೆ ಬೆಂಚಿನಲ್ಲಿ ಕೂತಿದ್ದಳು. ಮೆಣಸು ಹತ್ತಿರ ಹೋದಳು. ಬಾಯಿ ತೆರೆದಳು. ಸೋಡಾ ತಲೆಯೆತ್ತಿದಳು.

“ರಬ್ಬರ್ ಇದ್ಯಾ?” ಎಂದಳು ಮೆಣಸು.

ಸೋಡಾ ರಬ್ಬರ್ ಕೊಟ್ಟಳು. ಮೆಣಸು ಅದನ್ನು ಹಿಡಿದುಕೊಂಡು ತನ್ನ ಜಾಗಕ್ಕೆ ಬಂದು ಕೂತಳು. ಅಳಿಸುವುದಕ್ಕೆ ಏನೂ ಇರಲಿಲ್ಲ. ಕೈಯಲ್ಲಿ ಟೀ ಪಾತ್ರೆ ಒಂದಿಲ್ಲ, ಮಿಕ್ಕಿದ್ದೆಲ್ಲ ದೊಡ್ಡಕ್ಕನ ಹಾಗೇ.

ಆಟದ ಗಂಟೆ ಹೊಡೆದು ಎಲ್ಲರೂ ಮೈದಾನಕ್ಕೆ ಓಡಿದ ಮೇಲೆ ಅವಳು ಗೋಡೆ ಪತ್ರಿಕೆಯ ಮುಂದೆ ಹೋಗಿ ನಿಂತಳು. ಕಾರಿಡಾರು ಖಾಲಿ. ಕಾಗದವನ್ನು ಕಿತ್ತು ಜೇಬಿಗೆ ತುರುಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಪಿನ್ನು ಕಿತ್ತೂ ಬಿಟ್ಟಳು.

ಆಮೇಲೆ ಆ ಪಿನ್ನನ್ನು ಮತ್ತೆ ಒತ್ತಿದಳು. ಜೇಬಿನಿಂದ ಪೆನ್ನು ತೆಗೆದು, ಬರಹದ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದಳು:

“ಕೊನೆಯ ಕಂತಿನ ದಿನ ಗೊರಕೆ ಹೊಡೆದವಳು ನಾನು. ನೋಡದೆ ಬರೆದೆ.”

ಕೆಳಗೆ ಹೆಸರು ಹಾಕಿದಳು. ಮೆಣಸು ಎಂದಲ್ಲ, ಹಾಜರಿ ಪುಸ್ತಕದ ಹೆಸರು.

ಗಂಟೆ ಹೊಡೆಯಿತು. ಮೊದಲು ಬಂದ ಹುಡುಗ ಓದಿ ಕಿರುಚಿದ, “ಲೋ ಬನ್ರೋ! ನೋಡ್ದೇನೇ ಬರ್ದಿದ್ದಾಳಂತೆ!” ಮಕ್ಕಳು ಮುತ್ತಿಕೊಂಡರು. ಯಾರೋ ಗೊರಕೆ ಹೊಡೆದರು. ಎಲ್ಲರೂ ಗೊರಕೆ ಹೊಡೆದರು. ಮೆಣಸಿಗೆ ಕ್ಲಾಸಿನೊಳಗೆ ಓಡಿಬಿಡೋಣ ಎನ್ನಿಸಿತು. ಕಾಲು ಅತ್ತ ತಿರುಗಿಯೂ ಇತ್ತು. ಆದರೆ ಅವಳು ಹೋಗಲಿಲ್ಲ.

ಗುಂಪು ಕರಗಿದ ಮೇಲೆ ಸೋಡಾ ಬಂದಳು. ಕನ್ನಡಕ ಸರಿ ಮಾಡಿಕೊಂಡು ನಿಧಾನವಾಗಿ ಓದಿದಳು.

“ಅಮ್ಮ ಆ ವಾರ ಮಲಗೇ ಇರ್ಲಿಲ್ಲ,” ಎಂದಳು. “ಕೊನೇ ಕಂತನ್ನ ಹದಿನೇಳು ಸಲ ಬರೆದ್ಲು.”

ಮೆಣಸು ತಲೆ ತಗ್ಗಿಸಿದಳು.

“ಈಗ ನೋಡಿದ್ಯಾ?”

“ಹೂಂ. ಎರಡು ಸಲ.”

“ಹೇಗಿತ್ತು?”

ಸುಳ್ಳು ಹೇಳಿದರೆ ಸೋಡಾ ನಗಬಹುದಿತ್ತು. ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು.

“ಕೊನೆ ಇಷ್ಟ ಆಗ್ಲಿಲ್ಲ,” ಎಂದಳು ಮೆಣಸು. “ಅವಳು ಹೇಳ್ಬೇಕಿತ್ತು.”

ಸೋಡಾ ಕನ್ನಡಕ ತೆಗೆದು ಒರೆಸಿಕೊಂಡಳು. ಆಮೇಲೆ ಹೇಳಿದಳು, “ನಂಗೂ ಹಾಗೇ ಅನ್ಸುತ್ತೆ. ಅಮ್ಮಂಗೆ ಹೇಳಿಲ್ಲ.”

ಮೆಣಸು ಜೇಬಿನಿಂದ ರಬ್ಬರ್ ತೆಗೆದು ಕೊಟ್ಟಳು. “ತಗೋ. ನಂಗೆ ಬೇಕಾಗಿದ್ದು ರಬ್ಬರ್ ಅಲ್ಲ.”

“ಗೊತ್ತಿತ್ತು,” ಎಂದಳು ಸೋಡಾ.

ಇಬ್ಬರೂ ಕ್ಲಾಸಿಗೆ ಹೊರಟರು. ಒಳಗಿನಿಂದ ಇನ್ನೂ ಗೊರಕೆಯ ಸದ್ದು ಬರುತ್ತಿತ್ತು. ಬಾಗಿಲ ಹತ್ತಿರ ಮೆಣಸಿನ ಕಾಲು ಒಂದು ಗಳಿಗೆ ನಿಂತಿತು. ದೊಡ್ಡಕ್ಕ ನಿಂತದ್ದೂ ಹೀಗೇ ಒಂದು ಬಾಗಿಲಲ್ಲಿ ಎಂದು ನೆನಪಾಯಿತು. ಅವಳನ್ನು ಇಷ್ಟು ದಿನ ಎಷ್ಟೊಂದು ಗೇಲಿ ಮಾಡಿದ್ದೆ ಎಂದುಕೊಳ್ಳುತ್ತಾ, ಸುಡುವ ಕಿವಿಗಳನ್ನು ಹೊತ್ತುಕೊಂಡು ಅವಳು ಒಳಗೆ ಹೋದಳು.