ಏಳನೇ ಮಡಿಯ ಬಲೆ

ಮೂರು ದಿನದ ರಜೆ ಮುಗಿಸಿ ಬಂದು ಭತ್ತ ಸಂಶೋಧನಾ ಕೇಂದ್ರದ ಗೇಟಿನ ಬೀಗ ತೆಗೆದ ಮೇಸ್ತ್ರಿ ಅಲ್ಲೇ ನಿಂತುಬಿಟ್ಟ. ಭತ್ತದ ಹನ್ನೆರಡು ಮಡಿಗಳಲ್ಲಿ ಏಳನೆಯದು ಮಾತ್ರ ಬೆಂಕಿ ರೋಗ ತಗುಲಿ ನೆಲಕ್ಕೊರಗಿತ್ತು.

ಅದು ಬೆಂಕಿ ರೋಗಕ್ಕೆ ಜಗ್ಗದ ತಳಿ ಎಂದು ಹೆಸರಾಗಿತ್ತು. ಒಂಬತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಅದನ್ನು ಬೆಳೆಸಿದವಳು ಕೇಂದ್ರದ ಮುಖ್ಯಸ್ಥರ ಸ್ವಂತ ಅಕ್ಕನ ಮಗಳು.

ಮಧ್ಯಾಹ್ನದ ಹೊತ್ತಿಗೆ ತನಿಖೆಗೆಂದು ಹೊರಗಿನಿಂದ ಕನ್ನಡಿ ಮೇಡಂ ಬಂದರು. ಕುತ್ತಿಗೆಯಲ್ಲಿ ಸದಾ ಭೂತಗನ್ನಡಿ ನೇತುಹಾಕಿಕೊಳ್ಳುವ ಈ ರೋಗತಜ್ಞೆಗೆ ಆ ಹೆಸರು ಇಟ್ಟವರು ಯಾರೋ, ಅದೇ ಉಳಿದುಬಿಟ್ಟಿತ್ತು. ಅವರು ಕುರ್ಚಿಯಲ್ಲಿ ಕೂರುವ ಮೊದಲೇ ಮುಖ್ಯಸ್ಥರು ಟೈಪಾದ ಕಾಗದವೊಂದನ್ನು ಮುಂದಿಟ್ಟರು. ಮೇಸ್ತ್ರಿ ಎರಡು ಪಟ್ಟು ಯೂರಿಯಾ ಸುರಿದು ತಳಿ ಹಾಳುಮಾಡಿದ್ದಾನೆ, ಇಂದೇ ಕೆಲಸದಿಂದ ವಜಾ. ಕೆಳಗೆ ಹೊರಗಿನ ತಜ್ಞರ ಸಹಿಗೆ ಜಾಗ ಬಿಟ್ಟಿತ್ತು.

ಮೇಡಂಗೆ ಹೇಸಿಗೆ ಶುರುವಾದದ್ದು ಆಗಲೇ. ಗಿಡ ನೋಡುವ ಮೊದಲೇ ತೀರ್ಪು!

"ಮೊದಲು ಮಡಿ ನೋಡೋಣ" ಎಂದು ಎದ್ದರು.

ಬಾಗಿಲಲ್ಲಿ ಮೇಸ್ತ್ರಿ ಕೈಕಟ್ಟಿ ನಿಂತಿದ್ದ. "ಹದಿನೆಂಟು ವರ್ಷ ಆಯ್ತು ಮೇಡಂ. ಒಂದು ಹಿಡಿ ಗೊಬ್ಬರ ಹೆಚ್ಚುಕಮ್ಮಿ ಹಾಕಿದವನಲ್ಲ. ಈ ವಯಸ್ಸಲ್ಲಿ ಈ ಹೆಸರು ಹೊತ್ಕೊಂಡು ಎಲ್ಲಿಗೆ ಹೋಗ್ಲಿ?"

ಮಡಿಯಲ್ಲಿ ಕೊಳೆತ ನಾತ. ಎಲೆಗಳ ತುಂಬ ಕಣ್ಣಿನಾಕಾರದ ಚುಕ್ಕೆ, ನಡುವೆ ಬೂದಿ ಬಣ್ಣ. ಮೊಣಕಾಲು ದಾಟಿ ಸೊಂಟ ಮುಟ್ಟಿದರೆ ಹೆಚ್ಚು ಎನ್ನಬೇಕಾದ ಗಿಡ್ಡ ತಳಿ ಎದೆಯೆತ್ತರಕ್ಕೆ ಸೊರಗಿ ಬೆಳೆದು ಮುರಿದಿತ್ತು. ಮೇಡಂ ತಲೆಯೆತ್ತಿದರು. ಹಕ್ಕಿಗಳಿಗೆಂದು ಕಟ್ಟಿದ ಬಲೆ ಈ ಮಡಿಯ ಮೇಲೆ ಮಾತ್ರ ಉಳಿದವಕ್ಕಿಂತ ಒಂದು ಮೊಳ ಎತ್ತರದಲ್ಲಿತ್ತು.

"ಬಲೆ ಎತ್ತಿ ಕಟ್ಟಿದ್ದೀರಲ್ಲ?"

"ನಾನೇ ಹೇಳಿ ಕಟ್ಟಿಸ್ದೆ" ಎಂದರು ಮುಖ್ಯಸ್ಥರು, ಹೆಮ್ಮೆಯಿಂದ. "ಇಲ್ಲಾಂದ್ರೆ ತೆನೆ ಚುಚ್ಚಿ ಹರಿದುಹೋಗೋದು. ಆರು ವರ್ಷದ ಬಲೆ, ಒಂದು ತೂತಿಲ್ಲ ನೋಡಿ!"

ಮೇಡಂ ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದರು. "ಯೂರಿಯಾ ಹೆಚ್ಚಾದ್ರೆ ಎಲೆ ಯಾವ ಬಣ್ಣ ಆಗುತ್ತಮ್ಮ?"

"ಕಡು ಹಸಿರು" ಎಂದಳು ತಳಿ ಬೆಳೆಸಿದವಳು. ಬೆಳಗಿನಿಂದ ಅವಳು ಆ ಮಡಿಯ ಬದುವಿನಲ್ಲೇ ಕೂತಿದ್ದಳು.

"ರೋಗ ಮುಟ್ಟದ ಈ ಎಲೆಯೂ ಬಿಳಿಚಿಕೊಂಡಿದೆ. ಗಿಡ ಉದ್ದ ಬೆಳೆಸೋ ಹಾರ್ಮೋನು ಎಲ್ಲಿಡ್ತೀರಿ?"

"ಜಿಬ್ಬರೆಲಿನ್ನಾ? ಉಗ್ರಾಣದಲ್ಲಿ. ಬೀಜದ ಮಡಿಗಳಲ್ಲಿ ತೆನೆ ಹೊರಗೆ ಬರ್ಲಿ ಅಂತ ಹೊಡೀತೀವಿ. ಕೀಲಿ ನನ್ನ ಹತ್ರ, ಮಾವನ ಹತ್ರ, ಮೇಸ್ತ್ರಿ ಹತ್ರ ಇದೆ."

"ಅಂದ್ರೆ ಇವನೇ!" ಮುಖ್ಯಸ್ಥರು ಮೇಸ್ತ್ರಿಯತ್ತ ಬೆರಳು ತೋರಿಸಿದರು. "ಯೂರಿಯಾ ಅಲ್ಲದಿದ್ರೆ ಹಾರ್ಮೋನು!"

ಆರೋಪ ಬದಲಾದರೂ ಬೆರಳು ಬದಲಾಗಲಿಲ್ಲ. ಮೇಡಂ ಮೇಸ್ತ್ರಿಯ ಕಡೆ ತಿರುಗಿದರು. "ಈ ಬಲೆ ಎತ್ತಿ ಕಟ್ಟಿದ್ದು ಯಾವತ್ತು?"

"ತಳಿ ತಡೀತದಾ ಅಂತ ರೋಗ ಎರಚಿ ಪರೀಕ್ಷೆ ಮಾಡೋಕೆ ಎರಡು ವಾರ ಮುಂಚೆ, ಸೋಮವಾರ. ಸಾಹೇಬ್ರೇ ನಿಂತು ಕಟ್ಟಿಸಿದ್ರು."

"ಎತ್ತರ ಅಳೆದು ಬರೆಯೋ ಪುಸ್ತಕ ತನ್ನಿ."

ಪ್ರತಿ ಸೋಮವಾರದ ಅಳತೆ ಮೇಸ್ತ್ರಿಯ ದುಂಡು ಅಕ್ಷರದಲ್ಲಿತ್ತು. ಆ ಸೋಮವಾರ ಹನ್ನೆರಡು ಮಡಿಗಳಲ್ಲೂ ಗಿಡ ಮೊಣಕಾಲಿನೆತ್ತರವೇ. ಏಳನೆಯದು ದಿಢೀರನೆ ಮೇಲೆದ್ದದ್ದು ಅದರ ಮುಂದಿನ ವಾರ.

ಮೇಡಂ ಪುಸ್ತಕ ಮುಚ್ಚಿದರು. "ಎಲ್ಲರ ಕಣ್ಣೆದುರೇ ಇತ್ತು ಈ ಬಲೆ. ಸೊಂಟ ಮೀರದ ಗಿಡ್ಡ ತಳಿಗೆ ಬಲೆ ಎತ್ತಿ ಕಟ್ಟಬೇಕು ಅಂತ ಯಾರಿಗೆ ಹೊಳೀತದೆ? ಅದು ಇನ್ನು ಬೆಳೆಯುತ್ತೆ ಅಂತ ಗೊತ್ತಿದ್ದವನಿಗೆ. ಬೆಳೆಯೋ ಹಾರ್ಮೋನು ಮೈತುಂಬಿದ್ರೆ ಗಿಡದ ಶಕ್ತಿಯೆಲ್ಲ ಉದ್ದಕ್ಕೇ ಹೋಗುತ್ತೆ, ಮೈ ಕಾಯೋ ಕೆಲಸ ನಿಂತುಹೋಗುತ್ತೆ. ಆಮೇಲೆ ರೋಗ ಎರಚೋದು ಹೇಗೂ ನಿಮ್ಮ ಪರೀಕ್ಷೆಯ ಭಾಗ. ನಿಮ್ಮ ಕೈಗೆ ಮಸಿ ಹತ್ತಲ್ಲ. ಅಲ್ವಾ, ಸರ್?"

ಪಕ್ಕದ ಎಂಟನೇ ಮಡಿ ಮುಖ್ಯಸ್ಥರದೇ ತಳಿ. ಹದಿನೈದು ವರ್ಷದಿಂದ ರೈತರ ಬಾಯಲ್ಲಿದ್ದ ಹೆಸರು ಅದು. ಸೊಸೆಯದು ಗೆದ್ದಿದ್ದರೆ ಬರುವ ಹಂಗಾಮಿಗೆ ಅದನ್ನು ಕೇಳುವವರಿರುತ್ತಿರಲಿಲ್ಲ.

"ಮಾವ?" ಎಂದಳು ಅವಳು.

"ನಾನೇನು ವಿಷ ಹಾಕ್ಲಿಲ್ಲ ಕಣೇ" ಮುಖ್ಯಸ್ಥರು ಗೊಣಗಿದರು. "ಬೆಳೆಸ್ದೆ, ಅಷ್ಟೇ. ರೋಗ ಪರೀಕ್ಷೆಯಿಂದ ಬಂತು. ತಡಕೊಳ್ಳೋಕೆ ಆಗದ್ದು ನಿನ್ನ ತಳಿಯ ತಪ್ಪು."

ಹೊಟ್ಟೆಕಿಚ್ಚಿನವರನ್ನು ಮೇಡಂ ಬೇಕಾದಷ್ಟು ಕಂಡಿದ್ದರು. ಆದರೆ ಒಂಬತ್ತು ವರ್ಷದ ದುಡಿಮೆಯನ್ನು ಕೊಳೆಯಲು ಬಿಟ್ಟು, ಹದಿನೆಂಟು ವರ್ಷದ ಕೆಲಸಗಾರನ ತಲೆಗೆ ಕಟ್ಟಿ, ಬಲೆಗೆ ಮಾತ್ರ ತೂತು ಬೀಳದಂತೆ ಜೋಪಾನ ಮಾಡಿದವನನ್ನು ಇದೇ ಮೊದಲು ನೋಡಿದ್ದು. ವಜಾ ಕಾಗದದಲ್ಲಿದ್ದ ಮೇಸ್ತ್ರಿಯ ಹೆಸರನ್ನು ಹೊಡೆದುಹಾಕಿ, ಮೇಲೆ ಮುಖ್ಯಸ್ಥರ ಹೆಸರು ಬರೆದು, ಬಿಟ್ಟಿದ್ದ ಜಾಗದಲ್ಲೇ ಸಹಿ ಹಾಕಿದರು.

"ಇದನ್ನ ನಿಮ್ಮ ಮೇಲಿನವರಿಗೆ ನಾನೇ ಕಳಿಸ್ತೀನಿ. ನಡೀರಿ."

ಮುಖ್ಯಸ್ಥರು ಗೇಟಿನವರೆಗೆ ಹೋಗಿ ತಿರುಗಿದರು. ಸೊಸೆಯ ಮುಖ ನೋಡಲಿಲ್ಲ. ಮೇಸ್ತ್ರಿಗೆ ಹೇಳಿದರು: "ಗಿಡ ಕೀಳೋವಾಗ ಹುಷಾರು ಕಣಯ್ಯ, ಬಲೆ ಹರಿದೀತು."

ಮೇಸ್ತ್ರಿ ಸೊಂಟದಿಂದ ಕುಡುಗೋಲು ತೆಗೆದು, ಬಲೆಯನ್ನು ಈ ತುದಿಯಿಂದ ಆ ತುದಿಯವರೆಗೆ ಸೀಳಿದ.