ಗಂಗಿ ಹೇಳದ ಹೆಸರು

"ಎದ್ದು ನಿಲ್ಲಮ್ಮ. ಪಕ್ಕದವನ ಹೆಸರೇನು? ಸ್ಪ್ಯಾನಿಷಿನಲ್ಲೇ ಹೇಳಬೇಕು!"

ಗಂಗಿ ಬೆಂಚಿನ ಅಂಚು ಹಿಡಿದು ಎದ್ದಳು. ೧೯೬೬ರ ಜೂನ್ ತಿಂಗಳು, ಕುಮಟೆಯ ಕಾಲೇಜಿನಲ್ಲಿ ಅವಳ ಮೊದಲ ವಾರ. ಮುಂಬಯಿಯ ಹಡಗು ಕಂಪನಿಯಲ್ಲಿ ಇಪ್ಪತ್ತು ವರ್ಷ ದುಡಿದು ಬಂದ ಮಾಸ್ತರರು ಈ ತರಗತಿ ತೆರೆದಿದ್ದರು. ಹನ್ನೆರಡು ಜನರಲ್ಲಿ ಹುಡುಗಿ ಅವಳೊಬ್ಬಳೇ.

"ಎಲ್... ಸೆ ಯಾಮಾ... ಪಾಂಡು," ಎಂದಳು ಮೆಲ್ಲಗೆ.

ಪಕ್ಕದವನು ನಕ್ಕ. "ಹಂಗೆ ಹೇಳಿದ್ರೆ ನನ್ನ ಹೆಸ್ರು ನಂಗೇ ಕೇಳೂದಿಲ್ಲ ಮಾರಾಯ್ತಿ!"

ಸಿಟ್ಟು ಬಂತು ಅವಳಿಗೆ. ಆ ಸಿಟ್ಟಿನಲ್ಲೇ ಕೂಗಿದಳು. "ಎಲ್ ಸೆ ಯಾಮಾ ಪಾಂಡು!"

ಇಡೀ ತರಗತಿ ನಕ್ಕಿತು. ಕೊನೆಗೆ ಅವಳೂ ನಕ್ಕಳು. ಅವತ್ತು ಆ ಹೆಸರು ಎಷ್ಟು ಸಲೀಸಾಗಿ ಬಂದಿತ್ತು!

ವರ್ಷವಿಡೀ ಅವರಿಬ್ಬರದೇ ಜೋಡಿ ಎಂದು ಮಾಸ್ತರರು ಗೊತ್ತು ಮಾಡಿದರು. ಪ್ರತಿ ಶನಿವಾರ ಕಲಿತದ್ದೇನು, ತೊಡಕೇನು ಎಂದು ಕನ್ನಡದಲ್ಲೇ ಬರೆದು ತೋರಿಸಬೇಕು. ಗಂಗಿ ನಿಷ್ಠೆಯಿಂದ ಬರೆಯುತ್ತಿದ್ದಳು. 'ಓದಲು ಬರುತ್ತದೆ. ಕೇಳಿದರೆ ಅರ್ಥವಾಗುತ್ತದೆ. ಮಾತು ಮಾತ್ರ ಗಂಟಲಲ್ಲೇ ನಿಲ್ಲುತ್ತದೆ.'

ನಿಷ್ಠೆಗೆ ಕಾರಣವಿತ್ತು. ಹೊನ್ನಾವರದ ಹೊಳೆಯಾಚೆ, ಕಾಸರಕೋಡಿನ ಮನೆಯಲ್ಲಿ ಅಪ್ಪ ದೇವಪ್ಪ ಮೊದಲೇ ಹೇಳಿಬಿಟ್ಟಿದ್ದ.

"ಎಂತ ಬೇಕಾರೂ ಕಲಿ. ಒಂದು ಪರೀಕ್ಷೆ ನಪಾಸಾದ್ರೂ ಕಾಲೇಜು ಸಾಕು. ಹೆಬಳೆ ಊರಿನ ಗಂಡಿನವರು ಕಾಯ್ತಾ ಇದ್ದಾರೆ."

ಹೆಬಳೆಯ ಗಂಡನ್ನು ಅವಳು ಕಂಡೂ ಇರಲಿಲ್ಲ!

ದೀಪಾವಳಿಯ ಹೊತ್ತಿಗೆ ಜ್ವರ ಬಂದು ಒಂದು ವಾರ ಮಲಗಿದಳು. ಎದ್ದು ತರಗತಿಗೆ ಬಂದಾಗ ಪಾಂಡು ಒಂದು ನೋಟ್‌ಬುಕ್ ಮುಂದಿಟ್ಟ. ತಪ್ಪಿಹೋದ ಆರು ದಿನದ ಪಾಠವೂ ಅದರಲ್ಲಿತ್ತು. ಅವಳು ಸದಾ ಎಡವುವ ಶಬ್ದಗಳ ಕೆಳಗೆ ಕೆಂಪು ಗೆರೆ... ಇಷ್ಟು ದಿನ ನನ್ನ ತಪ್ಪುಗಳನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದನೇ ಇವನು?

ಅವತ್ತಿನಿಂದ ಆ ಹೆಸರು ಬಾಯಿಗೆ ಬರಲಿಲ್ಲ.

ಪೋಸ್ಟಿನವನು ಬಾಗಿಲಲ್ಲಿ ನಿಂತು ಯಜಮಾನರ ಹೆಸರು ಕೇಳಿದರೆ, "ಗಂಗೀ, ಬಾರೇ, ನಿನ್ನಪ್ಪನ ಹೆಸ್ರು ಹೇಳು," ಎಂದು ಒಳಗೆ ಕೂಗುವ ತಾಯಿಯ ಮಗಳು ಅವಳು. ಕಟ್ಟಿಕೊಂಡವನ ಹೆಸರು ಬಾಯಲ್ಲಿ ಆಡಬಾರದು. ಪಾಂಡು ಕಟ್ಟಿಕೊಂಡವನೇನಲ್ಲ, ನಿಜ. ಆದರೆ ಮನಸ್ಸು ಲಗ್ನಪತ್ರಿಕೆಗೆ ಕಾಯುತ್ತದೆಯೇ?

ತರಗತಿಯಲ್ಲಿ ಎಲ್ಲರ ಹೆಸರನ್ನೂ ಹೇಳಿದಳು. ಅವನ ಸರದಿ ಬಂದಾಗ ಮಾತ್ರ ಕೆಮ್ಮು, ತಲೆನೋವು, ನೀರಡಿಕೆ!

ಒಂದು ಸಂಜೆ ಕುಮಟೆಯ ಬಸ್ಸಿಳಿದು ಹೊನ್ನಾವರದ ಬಂದರಿನಲ್ಲಿ ಅವಳು ದೋಣಿಗೆ ಕಾಯುತ್ತಿದ್ದಾಗ ಪಾಂಡು ಅಡ್ಡ ಬಂದು ನಿಂತ.

"ಎಲ್ಲರ ಹೆಸ್ರೂ ಹೇಳ್ತೆ. ನಂದೊಂದು ಹೇಳೂಕೆ ಎಂತ ಬಂದದೆ ನಿಂಗೆ? ನಮ್ಮಪ್ಪ ಮೀನು ಬುಟ್ಟಿ ಹೊರೂ ಮನ್ಸ, ಅದ್ಕೇ ನಾಚ್ಕೆಯನೆ?"

ಅಯ್ಯೋ, ಅದಲ್ಲ! ಹೇಗೆ ಹೇಳಲಿ ದೇವರೇ? ಹೇಳಿದರೆ ಮಾನ ಹೋಯಿತು. ಹೇಳದಿದ್ದರೆ ಇವನೇ ಹೋದ...

"ಆತು ಬಿಡು," ಎಂದ ಪಾಂಡು. "ಪರೀಕ್ಷೆ ಒಂದು ಮುಗೀಲಿ. ಆಮೇಲೆ ನಾ ನಿನ್ನ ಜೊತಿಗೆ ಕೂರೂದಿಲ್ಲ."

ದೋಣಿಯಲ್ಲಿ ಕೂತು ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಾಯಿ ಪರೀಕ್ಷೆಯಲ್ಲಿ ಕೇಳುವುದು ಜೋಡಿಯ ಪರಿಚಯವನ್ನೇ. ಹೆಸರು ಹೇಳಿದರೆ ಅವನು ತನ್ನವನಲ್ಲವೆಂದು ತಾನೇ ಒಪ್ಪಿಕೊಂಡಂತೆ. ಹೇಳದಿದ್ದರೆ ನಪಾಸು, ಹೆಬಳೆ, ತಾಳಿ. ಯಾವ ಕಡೆ ತಿರುಗಿದರೂ ಬಾಗಿಲಿಲ್ಲ. ಆ ಶನಿವಾರ ಮಾಸ್ತರರಿಗೆ ತೋರಿಸುವ ನೋಟ್‌ಬುಕ್ಕಿನಲ್ಲಿ ಏನನ್ನೂ ಬರೆಯಲಾಗಲಿಲ್ಲ.

ಮಾರ್ಚ್ ಬಂತು. ಪರೀಕ್ಷೆಯ ಕೋಣೆಯಲ್ಲಿ ಮಾಸ್ತರರು, ಪಾಂಡು ಮತ್ತು ಅವಳು, ಮೂರೇ ಜನ.

"ಇವನನ್ನು ಪರಿಚಯಿಸು."

ಗಂಗಿ ಸ್ಪ್ಯಾನಿಷಿನಲ್ಲಿ ಶುರು ಮಾಡಿದಳು. ಇವನ ಊರು ಹೊನ್ನಾವರ. ಇವನ ತಂದೆ ಮೀನು ಬುಟ್ಟಿ ಹೊರುತ್ತಾರೆ, ಆ ತಂದೆಯ ಮೇಲೆ ನನಗೆ ಗೌರವವಿದೆ. ಬಸ್ಸಿನಲ್ಲಿ ಬಿಸಿಲು ಬೀಳುವ ಕಡೆ ತಾನು ಕೂತು ನೆರಳಿನ ಸೀಟನ್ನು ಬೇರೆಯವರಿಗೆ ಬಿಡುತ್ತಾನೆ. ಜ್ವರ ಬಂದವರಿಗೆ ಪಾಠ ಬರೆದುಕೊಡುತ್ತಾನೆ...

ಒಂದೂ ತಪ್ಪಿಲ್ಲ! ನೆಲ ನೋಡುತ್ತಿದ್ದ ಪಾಂಡು ಮೆಲ್ಲಗೆ ತಲೆ ಎತ್ತಿದ.

"ಭೇಷ್. ಇವನ ಹೆಸರೇನು?"

ಗಂಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಹೆಸರು, ಗಂಗಿ?"

ಅವಳ ಕಣ್ಣು ತುಂಬಿತು. ಕನ್ನಡದಲ್ಲಿ ಈ ಮಾತು ಆಡುವ ಧೈರ್ಯ ಅವಳಿಗೆ ಈ ಜನ್ಮದಲ್ಲಿ ಬರುತ್ತಿರಲಿಲ್ಲ. ಹಡಗಿನಲ್ಲಿ ಬಂದ ಭಾಷೆಗೆ ನಮ್ಮ ಊರಿನ ನಾಚಿಕೆ ಏನು ಗೊತ್ತು? ಒಂದೊಂದೇ ಶಬ್ದ ಜೋಡಿಸಿ ಸ್ಪ್ಯಾನಿಷಿನಲ್ಲೇ ಹೇಳಿದಳು.

"ನನ್ನ ಅಮ್ಮ ಅಪ್ಪನ ಹೆಸರು ಹೇಳುವುದಿಲ್ಲ. ನಾನು... ಇವರ ಹೆಸರು ಹೇಳುವುದಿಲ್ಲ."

ಪಾಂಡುವಿನ ಕೈಯಿಂದ ಪೆನ್ನು ಬಿತ್ತು. ಅದನ್ನು ಎತ್ತಿಕೊಳ್ಳುವ ನೆನಪೂ ಅವನಿಗಾಗಲಿಲ್ಲ.

ಮಾಸ್ತರರು ಇದೇ ಸೀಮೆಯವರು. ಅವರ ಹೆಂಡತಿಯೂ ಮೂವತ್ತು ವರ್ಷದಿಂದ ಅವರ ಹೆಸರು ಹೇಳಿದವಳಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ಹೆಸರಿಗೆ ಎರಡು ಮಾರ್ಕು. ಅದು ಹೋಯಿತು," ಎಂದರು. "ಉಳಿದದ್ದಕ್ಕೆಲ್ಲ ಪೂರ್ತಿ ಕೊಟ್ಟಿದ್ದೇನೆ. ಪಾಸು. ಹೋಗಿ ಇಬ್ಬರೂ!"

ಹೊರಗಿನ ಜಗಲಿಯಲ್ಲಿ ಪಾಂಡು ಅವಳ ಹಿಂದೆಯೇ ಓಡಿಬಂದ.

"ಗಂಗಿ... ನಾ ಒಂದು ಹೆಡ್ಡ. ಬಂದರಲ್ಲಿ ಬಾಯಿಗೆ ಬಂದಂಗೆ ಅಂದೆ."

ಅವಳು ತಲೆ ಎತ್ತಲಿಲ್ಲ. "ನಂಗೆ ಬಾಯೇ ಬರ್ನಿಲ್ಲ, ಎಂತ ಮಾಡೂದು?"

"ನಾಡಿದ್ದು ನಮ್ಮಪ್ಪನ ಕರ್ಕಂಡು ನಿಮ್ಮನೆಗೆ ಬತ್ತೆ. ಹುಡ್ಗನ ಹೆಸ್ರೆಂತ ಕೇಳಿದ್ರೆ ಯಾರು ಹೇಳೂದು?"

"ಅಪ್ಪಂಗೆ ನೀವೇ ಹೇಳಿ."

'ನೀವು' ಎಂದದ್ದು ಕೇಳಿ ಪಾಂಡುವಿನ ಮುಖ ಕೆಂಪಾಯಿತು. "ಮತ್ತೆ ನಿನ್ನ ಅಮ್ಮಂಗೆ?"

ಗಂಗಿ ಮೊದಲ ಸಲ ಅವನನ್ನು ನೇರವಾಗಿ ನೋಡಿದಳು.

"ಅಮ್ಮ ನನ್ನ ಕೇಳ್ತಾಳೆ. ನಾ ಸುಮ್ನೆ ನಿಂತ್ರೆ ಆತು... ಅವಳಿಗೆ ಗೊತ್ತಾಗ್ತದೆ."