ಕರುಳಿನ ಬಾಗಿಲಲ್ಲಿ ತಡೆದವರು

ಭಾನುಪ್ರಿಯಳ ರಕ್ತದ ರಿಪೋರ್ಟು ಹಿಡಿದು ಲತಾಮಣಿ ರೋಶನ್ ಬೀಯವರ ಬಾಗಿಲು ಬಡಿದಳು. ಹೊಂಗನೂರಿನಲ್ಲಿ ಆಶಾ ಕಾರ್ಯಕರ್ತೆಯಾಗಿ ಆರು ವರ್ಷವಾಗಿತ್ತು. ಇಷ್ಟು ಹೆದರಿದ್ದು ಇದೇ ಮೊದಲು.

"ರೋಶನಕ್ಕಾ, ಏಳು ತಿಂಗಳ ಬಸುರಿ. ಒಂಬತ್ತಿದ್ದ ಹಿಮೋಗ್ಲೋಬಿನ್ ಏಳೂವರೆಗೆ ಇಳಿದೈತೆ! ಕಬ್ಬಿಣದ ಮಾತ್ರೆ ದಿನಾ ನನ್ ಕಣ್ಣೆದುರಿಗೇ ನುಂಗ್ತಾಳೆ. ಅತ್ತೆ ಊಟದಲ್ಲಿ ಏನೋ ಬೆರೆಸ್ತಾವ್ಳೆ, ಸ್ಟೇಷನ್‌ಗೆ ಹೋಯ್ತೀನಿ ಅಂತ ಭಾನುಪ್ರಿಯಳ ಅಣ್ಣ ಸ್ವಾಮಿ ಬಿಡದಿಯಿಂದ ಬಂದು ಕೂಗಾಡ್ತಾವ್ನೆ."

ಚನ್ನಪಟ್ಟಣದಲ್ಲಿ ಮೂವತ್ತು ವರ್ಷ ರಕ್ತ ಪರೀಕ್ಷೆ ಮಾಡಿ ನಿವೃತ್ತರಾದವರು ರೋಶನ್ ಬೀ. ಪೊಲೀಸರು ಕೈಚೆಲ್ಲಿದ ಎರಡು ಮೂರು ಪ್ರಕರಣಗಳ ಗಂಟು ಬಿಡಿಸಿದ ಹೆಸರೂ ಅವರಿಗಿತ್ತು. ಅಂಥ ಕಡೆಗೆಲ್ಲ ಜೊತೆಗೆ ಹೋಗುತ್ತಿದ್ದವಳು ಲತಾಮಣಿಯೇ. ರೋಶನ್ ಬೀ ಕೂಡಲೇ ಚಪ್ಪಲಿ ಮೆಟ್ಟಿದರು.

ರೇಷ್ಮೆ ಹುಳದ ಮನೆಯ ಜಗಲಿಯಲ್ಲಿ ಭಾನುಪ್ರಿಯ ಕಂಬಕ್ಕೆ ಒರಗಿದ್ದಳು. ತುಟಿಯಲ್ಲಿ ಕೆಂಪೇ ಇರಲಿಲ್ಲ. ಅತ್ತೆ ಅಂಬುಜಮ್ಮ ಕಣ್ಣೊರೆಸಿಕೊಳ್ಳುತ್ತಲೇ ಕಾಫಿ ತಂದಿಟ್ಟರು. ಅವರ ಹಿರಿಸೊಸೆ ಹೆರಿಗೆಯಲ್ಲಿ ತೀರಿಹೋದದ್ದು ನೆನಪಾಗಿ ಲತಾಮಣಿಗೆ ಲೋಟ ಮುಟ್ಟಲೂ ಭಯವಾಯಿತು. ಇಷ್ಟು ದಿನ ಇದೇ ಕಾಫಿಯನ್ನು ತಾನೂ ಕುಡಿದಿದ್ದೇನಲ್ಲ! ರೋಶನ್ ಬೀ ಮಾತ್ರ ನೆಮ್ಮದಿಯಾಗಿ ಹೀರಿದರು.

"ಮಾತ್ರೆ ಯಾವಾಗ ತಗೊಳ್ತಾಳೆ?"

"ಬೆಳಗ್ಗೆ ಹುಳಕ್ಕೆ ಸೊಪ್ಪು ಹಾಕೋ ಗಡಿಬಿಡೀಲಿ ಮರ್ತೋಗದು," ಎಂದರು ಅಂಬುಜಮ್ಮ. "ಈಗ ಸಾಯಂಕಾಲ ಲತಾ ಬಂದಾಗ ಕೆಂಪುದೊಂದು, ಬಿಳೀದೊಂದು ನುಂಗ್ತಾಳೆ. ಬಂದೋರನ್ನ ಬರಿ ಬಾಯಲ್ಲಿ ಕಳಿಸೋಕಾಯ್ತದಾ? ಇಬ್ರಿಗೂ ಕಾಫಿ ಕೊಡ್ತೀನಿ."

ಭಾನುಪ್ರಿಯ ಪಿಸುಗುಟ್ಟಿದಳು: "ಅಕ್ಕಾ, ಹೊರಕಡೆ ಕಪ್ಪಗೆ ಹೋಗ್ತೈತೆ. ವಿಷಾನಾ? ಮಗೀಗೆ ಏನಾರ ಆಯ್ತದಾ?"

"ಅದು ಒಳ್ಳೇ ಸುದ್ದಿ ಕಣವ್ವಾ," ಎಂದ ರೋಶನ್ ಬೀ ಅಂದೇ ಅವಳನ್ನು ಚನ್ನಪಟ್ಟಣದ ಆಸ್ಪತ್ರೆಗೆ ಸೇರಿಸಿ, ರಕ್ತವನ್ನೂ ಮಲವನ್ನೂ ಪರೀಕ್ಷೆಗೆ ಕಳಿಸಿದರು.

ಎರಡು ದಿನದ ಮೇಲೆ ಎಲ್ಲರೂ ಅವಳ ಮಂಚದ ಸುತ್ತ ಸೇರಿದರು. ಸ್ವಾಮಿ ಅಂಬುಜಮ್ಮನನ್ನು ದುರುಗುಟ್ಟಿ ನೋಡುತ್ತಿದ್ದ.

"ಮಲ ಕಪ್ಪಗಿದ್ದದ್ದು ಕಬ್ಬಿಣದ ಮಾತ್ರೆಯಿಂದ," ಎಂದು ರೋಶನ್ ಬೀ ಶುರುಮಾಡಿದರು. "ಅಂದ್ರೆ ಮಾತ್ರೆ ಯಾರೂ ಬಿಸಾಕಿಲ್ಲ. ಪರೀಕ್ಷೇಲಿ ಮಲದಲ್ಲಿ ರಕ್ತ ಇಲ್ಲ, ಕೊಕ್ಕೆಹುಳಾನೂ ಇಲ್ಲ. ಇನ್ನು ರಕ್ತದಲ್ಲಿ ಕಬ್ಬಿಣ ಹೊತ್ತೊಯ್ಯೋ ಗಾಡಿಗಳು ಇರ್ತವೆ. ಇವಳಲ್ಲಿ ಗಾಡಿ ಬೇಕಾದಷ್ಟವೆ, ಹೆಚ್ಚುಕಮ್ಮಿ ಎಲ್ಲಾ ಖಾಲಿ. ಕಬ್ಬಿಣ ಕೂಡಿಡೋ ಉಗ್ರಾಣಾನೂ ಖಾಲಿ. ನುಂಗಿದ್ದು ಹೊಟ್ಟೆಗೆ ಹೋಯ್ತು, ರಕ್ತಕ್ಕೆ ಸೇರಲಿಲ್ಲ. ಹೊಟ್ಟೇಲಿರೋ ಕೂಸು ಬೇರೆ ತನ್ನ ಪಾಲು ಎಳೀತಾನೇ ಇತ್ತು. ಕರುಳಿನ ಬಾಗಿಲಲ್ಲಿ ಯಾರೋ ತಡೆದವ್ರೆ."

"ಯಾರು?" ಸ್ವಾಮಿ ಎದ್ದು ನಿಂತ.

ರೋಶನ್ ಬೀ ಮಂಚದ ಮೇಲೆ ಬಿಳಿ ಮಾತ್ರೆಯನ್ನೂ ಒಂದು ಕಾಫಿ ಲೋಟವನ್ನೂ ಇಟ್ಟರು. "ಇವರಿಬ್ರು. ಬಿಳೀದು ಕ್ಯಾಲ್ಸಿಯಂ, ಸುಣ್ಣದಂಶದ ಮಾತ್ರೆ. ಒಳ್ಳೇದೇ, ಆದ್ರೆ ಕಬ್ಬಿಣದ ಜೊತೇಲೇ ನುಂಗಿದ್ರೆ ಅದಕ್ಕೆ ದಾರಿ ಬಿಡಲ್ಲ. ಕಾಫೀನೂ ಹಂಗೇ. ಕಬ್ಬಿಣಕ್ಕೂ ಇವೆರಡಕ್ಕೂ ಒಂದೆರಡು ಗಂಟೆ ಅಂತರ ಬೇಕು."

"ಕಾಫಿ ಕೊಟ್ಟೋಳು ಇವಳೇ ತಾನೇ!" ಸ್ವಾಮಿ ಅಂಬುಜಮ್ಮನತ್ತ ಬೆರಳು ತೋರಿಸಿದ.

"ಕೂತ್ಕೊಳಪ್ಪ. ಎಲ್ಲಾ ಒಟ್ಟಿಗೇ ನುಂಗು ಅಂದೋರು ಯಾರು?"

ಲತಾಮಣಿ ಅಂಬುಜಮ್ಮನ ಕಡೆ ನೋಡಿದಳು. ಸುಮ್ಮನಿದ್ದರೆ ಈ ಮುದುಕಿಯ ತಲೆಗೇ ಕಟ್ಟುತ್ತಾರೆ. ಒಪ್ಪಿಕೊಂಡರೆ ಊರಲ್ಲಿ ಮುಖ ತೋರಿಸುವುದು ಹೇಗೆ?

"ನಾನೇ," ಎಂದಳು. "ಮರೀದೇ ಇರ್ಲಿ ಅಂತ, ನಾನು ಹೋದಾಗ್ಲೇ ಎರಡೂ ಒಟ್ಟಿಗೆ ನುಂಗಿಸ್ದೆ. ಟ್ರೈನಿಂಗ್‌ನಲ್ಲಿ ಬೇರೆ ಬೇರೆ ಅಂತ ಹೇಳಿಕೊಟ್ಟಿದ್ರು. ನಾನೇ ಸುಲಭ ಮಾಡ್ಕೊಂಡೆ. ಅಂಬುಜಮ್ಮನ ತಪ್ಪೇನಿಲ್ಲ, ಸ್ವಾಮಣ್ಣ."

ಸ್ವಾಮಿ ತಲೆ ತಗ್ಗಿಸಿ ಕೂತ. ಅಂಬುಜಮ್ಮ ಎದ್ದು ಬಂದು ಲತಾಮಣಿಯ ಕೈ ಹಿಡಿದುಕೊಂಡರು. "ಕಾಫಿ ಕೊಟ್ಟೋಳು ನಾನಲ್ವೇನವ್ವಾ," ಎಂದು ಅತ್ತರು.

"ಇವತ್ತಿಂದ ಕಬ್ಬಿಣ ಡ್ರಿಪ್‌ನಲ್ಲಿ ಸೀದಾ ರಕ್ತಕ್ಕೆ ಹೋಯ್ತದೆ, ಕರುಳಿನ ತಂಟೆಯೇ ಇಲ್ಲ," ಎಂದು ರೋಶನ್ ಬೀ ಭಾನುಪ್ರಿಯಳ ತಲೆ ಸವರಿದರು. "ಕೂಸಿನ ಎದೆಬಡಿತ ಚೆನ್ನಾಗೈತಂತೆ."

ಲತಾಮಣಿಗೆ ಅಳು ಉಕ್ಕಿತು. ಆದರೆ ಅಳಲು ಹೊತ್ತಿರಲಿಲ್ಲ. ಅವಳ ಚೀಲದಲ್ಲಿ ಇನ್ನೂ ಹನ್ನೊಂದು ಬಸುರಿಯರ ತಾಯಿ ಕಾರ್ಡುಗಳಿದ್ದವು. ಆ ಹನ್ನೊಂದು ಮನೆಗಳಲ್ಲೂ ಅವಳು ಎರಡೂ ಮಾತ್ರೆ ಒಟ್ಟಿಗೇ ನುಂಗಿ ಅಂತಲೇ ಹೇಳಿ ಬಂದಿದ್ದಳು. ಗಡಿಯಾರ ನೋಡಿದಳು, ನಾಲ್ಕೂವರೆ. ಇನ್ನೇನು ಎಲ್ಲರ ಮನೆಯಲ್ಲೂ ಕಾಫಿಗೆ ಇಡುವ ಹೊತ್ತು. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಅವಳು ಹೊಂಗನೂರಿನ ಬಸ್ಸಿಗೆ ಓಡಿದಳು.